ಇಂದಿರಾ ಗಾಂಧಿ ಹೋದ ದಿನ ನೀವು ಎಲ್ಲಿದ್ದಿರಿ? ಮನೆಯ ಹಿರಿಯರನ್ನು ಕೇಳಿ ಬರೆದಿಡುವುದು ಹೀಗೆ

ನಿಮ್ಮ ಮನೆಯಲ್ಲಿ ಐವತ್ತು ದಾಟಿದವರು ಯಾರಾದರೂ ಇದ್ದರೆ ಈ ಪ್ರಶ್ನೆ ಕೇಳಿ ನೋಡಿ. ಉತ್ತರ ಸಿಗದೇ ಇರುವುದು ಅಪರೂಪ. ಹೋದ ವಾರ ಯಾರ ಮನೆಗೆ ಊಟಕ್ಕೆ ಹೋಗಿದ್ದರು ಅಂತ ಮರೆತವರು ಕೂಡ 1984ರ ಅಕ್ಟೋಬರ್ 31ರಂದು ಎಲ್ಲಿ ನಿಂತಿದ್ದರು, ಯಾರು ಬಂದು ಹೇಳಿದರು ಅಂತ ಶುರು ಮಾಡಿಬಿಡುತ್ತಾರೆ. ನಾವು "ಹೌದಾ" ಅಂತ ಕೇಳಿಸಿಕೊಂಡು ಎದ್ದು ಹೋಗುತ್ತೇವೆ. ಅಲ್ಲಿಗೆ ಮುಗಿಯಿತು.

ಆಗ ಇಪ್ಪತ್ತು ವರ್ಷ ಆಗಿದ್ದವರಿಗೆ ಈಗ ಅರವತ್ತು ದಾಟಿದೆ. ನಲವತ್ತಾಗಿದ್ದವರು ಎಂಬತ್ತು ದಾಟಿದ್ದಾರೆ, ಬಹಳ ಜನ ಇಲ್ಲವೇ ಇಲ್ಲ. ದೆಹಲಿಯಲ್ಲಿ ಏನಾಯಿತು ಅನ್ನುವುದನ್ನು ಸಾಕಷ್ಟು ಜನ ಬರೆದಿದ್ದಾರೆ. ಆದರೆ ಸುದ್ದಿ ನಿಮ್ಮ ಬೀದಿಗೆ ಹೇಗೆ ಬಂತು, ಮೊದಲು ಯಾರ ಬಾಯಲ್ಲಿ ಬಂತು, ಆಮೇಲೆ ಊರು ಏನು ಮಾಡಿತು ಅನ್ನುವುದು ಎಲ್ಲೂ ಇಲ್ಲ. ಅದು ಇರುವುದು ಈ ಹಿರಿಯರ ತಲೆಯಲ್ಲಿ ಮಾತ್ರ. ನಾವು ಹಿಡಿಯಬೇಕಾದದ್ದು ಅದನ್ನೇ.

ಕೇಳೋಕೆ ಹೋಗುವ ಮುಂಚೆ ನಿಮ್ಮದೇ ಒಂದು ನೆನಪು ಬರೆಯಿರಿ. ಪುನೀತ್ ರಾಜ್‌ಕುಮಾರ್ ತೀರಿಕೊಂಡ ದಿನ, 2021ರ ಅಕ್ಟೋಬರ್ 29, ಶುಕ್ರವಾರ. ಕರ್ನಾಟಕದಲ್ಲಿ ಬೆಳೆದವರಿಗೆ ಆ ದಿನ ನೆನಪಿರುತ್ತೆ ಅಲ್ವಾ? ಎಲ್ಲಿದ್ದಿರಿ, ಯಾರು ಹೇಳಿದರು, ಮೊದಲ ಮಾತು ಏನು ಬಂತು, ಆಮೇಲೆ ಯಾರಿಗೆ ಫೋನ್ ಮಾಡಿದಿರಿ, ಅವತ್ತು ಮಧ್ಯಾಹ್ನ ಊಟ ಮಾಡಿದಿರಾ, ಬರೆದು ನೋಡಿ. ಕೆಲವು ವಿಷಯ ಕಣ್ಣಿಗೆ ಕಟ್ಟಿದ ಹಾಗೆ ಬರುತ್ತವೆ, ಕೆಲವು ಬರುವುದೇ ಇಲ್ಲ. ಇಷ್ಟು ಹತ್ತಿರದ ದಿನವೇ ಹೀಗಾದರೆ ನಲವತ್ತು ವರ್ಷ ಹಿಂದಿನದು ಹೇಗಿರುತ್ತೆ ಅನ್ನುವ ಅಂದಾಜು ಸಿಗುತ್ತದೆ. ಹಿರಿಯರ ಮುಂದೆ ಕೂತಾಗ ತಾಳ್ಮೆ ತಾನಾಗೇ ಬರುತ್ತೆ.

ಇಂಥ ನೆನಪುಗಳ ಬಗ್ಗೆ ಒಂದು ಮಾತು ಮೊದಲೇ ತಿಳಿದಿರಲಿ. 1986ರ ಜನವರಿ 28ರಂದು ಅಮೆರಿಕದ ಚಾಲೆಂಜರ್ ನೌಕೆ ಆಕಾಶದಲ್ಲೇ ಒಡೆದುಹೋಯಿತು, ಏಳು ಜನ ಸತ್ತರು. ಮರುದಿನ ಬೆಳಿಗ್ಗೆ ಉಲ್ರಿಕ್ ನೈಸರ್ ಅನ್ನುವ ಮನಃಶಾಸ್ತ್ರಜ್ಞರು ತಮ್ಮ ವಿದ್ಯಾರ್ಥಿಗಳ ಕೈಯಲ್ಲಿ ಸುದ್ದಿ ಹೇಗೆ ಗೊತ್ತಾಯಿತು ಅಂತ ಬರೆಸಿಕೊಂಡರು. ಸುಮಾರು ಎರಡೂವರೆ ವರ್ಷ ಆದ ಮೇಲೆ ಅವರಲ್ಲೇ ಒಂದಷ್ಟು ಜನರನ್ನು ಮತ್ತೆ ಕೇಳಿದರು. ಎಷ್ಟೋ ಜನರ ಕತೆ ಪೂರ್ತಿ ಬದಲಾಗಿತ್ತು, ಆದರೂ ಬಹಳ ಖಚಿತವಾಗಿ ಹೇಳುತ್ತಿದ್ದರು. ತಮ್ಮದೇ ಕೈಬರಹ ತೋರಿಸಿದರೂ ಹಳೆಯ ನೆನಪು ಮರಳಲಿಲ್ಲ. ಅಂದರೆ ನಿಮ್ಮ ತಾತ ತಪ್ಪು ಹೇಳಿದರೆ ಅದು ಸುಳ್ಳಲ್ಲ. ನೆನಪು ಕೆಲಸ ಮಾಡುವುದೇ ಹಾಗೆ. ಆದ್ದರಿಂದ ಮಧ್ಯದಲ್ಲಿ ಬಾಯಿ ಹಾಕಿ ತಿದ್ದಬೇಡಿ. ತಾಳೆ ನೋಡುವುದೆಲ್ಲ ಆಮೇಲೆ.

ಆಮೇಲೆ ತಾಳೆ ನೋಡೋಕೆ ಆ ದಿನದ ಲೆಕ್ಕ ನಿಮ್ಮ ಹತ್ತಿರ ಇರಬೇಕು. ಅವತ್ತು ಬುಧವಾರ. ದೀಪಾವಳಿ ಮುಗಿದು ಹೆಚ್ಚು ಕಮ್ಮಿ ಒಂದು ವಾರ. ಬೆಳಿಗ್ಗೆ ಒಂಬತ್ತೂ ಕಾಲು ದಾಟಿತ್ತು. ಇಂದಿರಾ ಸಫ್ದರ್‌ಜಂಗ್ ರಸ್ತೆಯ ಮನೆಯಿಂದ ಪಕ್ಕದ ಅಕ್ಬರ್ ರಸ್ತೆಯ ಕಚೇರಿ ಕಡೆ ನಡೆದು ಹೋಗುತ್ತಿದ್ದರು. ಅಲ್ಲಿ ನಟ ಪೀಟರ್ ಉಸ್ತಿನೋವ್ ಸಂದರ್ಶನಕ್ಕೆ ಕಾಯುತ್ತಿದ್ದರು. ದಾರಿಯಲ್ಲಿ ಅವರದೇ ಕಾವಲಿನ ಬಿಯಾಂತ್ ಸಿಂಗ್ ಮತ್ತು ಸತ್ವಂತ್ ಸಿಂಗ್ ಗುಂಡು ಹಾರಿಸಿದರು. ಅಂಬಾಸಿಡರ್ ಕಾರಿನಲ್ಲಿ ಏಮ್ಸ್ ಆಸ್ಪತ್ರೆಗೆ ಕರೆದೊಯ್ದರು. ಸಾವು ಘೋಷಿಸಿದ್ದು ಮಧ್ಯಾಹ್ನ 2 ಗಂಟೆ ದಾಟಿದ ಮೇಲೆ. ಬಿಬಿಸಿ ಮೊದಲೇ ಹೇಳಿತ್ತು. ನಮ್ಮ ಆಕಾಶವಾಣಿ ಅಧಿಕೃತವಾಗಿ ಹೇಳಿದ್ದು ಸಂಜೆ. ಪಶ್ಚಿಮ ಬಂಗಾಳದಲ್ಲಿದ್ದ ರಾಜೀವ್ ಗಾಂಧಿ ದೆಹಲಿಗೆ ಬಂದು ಅದೇ ಸಂಜೆ ಪ್ರಮಾಣ ವಚನ ತೆಗೆದುಕೊಂಡರು. ಅಂತ್ಯಕ್ರಿಯೆ ನವೆಂಬರ್ 3, ಶನಿವಾರ.

ಇಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಬೆಳಿಗ್ಗೆಯಿಂದ ಸಂಜೆವರೆಗಿನ ಆ ಬಿಡುವು. ಗುಂಡು ಬಿದ್ದಿದೆ ಅಂತ ಗೊತ್ತು, ಬದುಕಿದ್ದಾರೋ ಇಲ್ಲವೋ ಗೊತ್ತಿಲ್ಲ. ಮೊಬೈಲ್ ಇಲ್ಲ, ಬಹಳ ಮನೆಗಳಲ್ಲಿ ಟಿವಿಯೂ ಇಲ್ಲ. ಇಡೀ ದೇಶ ರೇಡಿಯೋ ಮುಂದೆ ಕೂತು ಕಾಯುತ್ತಿತ್ತು. ಒಬ್ಬರು "ಹೋಗಿಬಿಟ್ಟರಂತೆ" ಅಂದರೆ ಇನ್ನೊಬ್ಬರು "ಛೆ, ಹಾಗೆಲ್ಲ ಅನ್ನಬೇಡಿ" ಅನ್ನೋರು. ಆ ಬಿಡುವಿನಲ್ಲಿ ನಿಮ್ಮೂರಲ್ಲಿ ಏನಾಯಿತು ಅಂತ ಕೇಳಿ. ಅಂಗಡಿ ಬಾಗಿಲು ಯಾವಾಗ ಹಾಕಿದರು? ತಾವಾಗಿ ಹಾಕಿದರಾ, ಯಾರಾದರೂ ಹಾಕಿಸಿದರಾ? ಬಸ್ಸು ಎಲ್ಲಿ ನಿಂತಿತು? ಬಸ್ಸಿನಲ್ಲಿದ್ದವರು ಊರಿಗೆ ಹೇಗೆ ಬಂದರು? ರೇಡಿಯೋದಲ್ಲಿ ಶೋಕ ಸಂಗೀತ ಶುರುವಾದಾಗ ಮನೆಯವರು ಏನಂದರು?

ಯಾರನ್ನು ಕೇಳಬೇಕು ಅನ್ನುವುದೂ ಮುಖ್ಯ. ಮನೆಯ ಯಜಮಾನರನ್ನೇ ಕೇಳುವುದು ನಮಗೆ ರೂಢಿ. ಅವರು ತುರ್ತು ಪರಿಸ್ಥಿತಿ, ಕಾಂಗ್ರೆಸ್ಸು, ಜನತಾ ಪಕ್ಷ ಅಂತ ರಾಜಕೀಯಕ್ಕೆ ಹೊರಟುಬಿಡುತ್ತಾರೆ. ಅದು ಬೇಡ ಅಂತಲ್ಲ, ಆದರೆ ಅಷ್ಟು ಪೇಪರ್‌ನಲ್ಲೂ ಸಿಗುತ್ತೆ. ಅಜ್ಜಿ, ಅತ್ತೆ, ಚಿಕ್ಕಮ್ಮನನ್ನು ಕೇಳಿ. ಆಗ ಶಾಲೆಯಲ್ಲಿದ್ದ ಮಾವನನ್ನು ಕೇಳಿ. ನಿವೃತ್ತ ಮೇಷ್ಟ್ರು, ಕಂಡಕ್ಟರ್, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಟ್ರಂಕ್ ಕಾಲ್ ಜೋಡಿಸುತ್ತಿದ್ದವರು ನಿಮ್ಮ ಬೀದಿಯಲ್ಲಿದ್ದರೆ ಅವರನ್ನಂತೂ ಬಿಡಲೇಬೇಡಿ. ಸುದ್ದಿ ಊರಿಗೆ ಬಂದಿದ್ದೇ ಇಂಥವರ ಮೂಲಕ.

ರೆಕಾರ್ಡಿಂಗ್ ವಿಷಯ ಜಾಸ್ತಿ ಹೇಳುವುದಿಲ್ಲ. ಫೋನ್ ಸಾಕು. ಏರೋಪ್ಲೇನ್ ಮೋಡ್‌ಗೆ ಹಾಕಿ, ಫ್ಯಾನ್ ನಿಲ್ಲಿಸಿ, ಅವರ ಹತ್ತಿರ ಇಡಿ. ರೆಕಾರ್ಡ್ ಮಾಡ್ತಿದ್ದೀನಿ ಅಂತ ಹೇಳಿ, ಒಪ್ಪಿಗೆ ಕೇಳಿ. ಬೇಡ ಅಂದರೆ ಕೈಯಲ್ಲಿ ಬರೆದುಕೊಳ್ಳಿ. ಕದ್ದು ಮಾತ್ರ ರೆಕಾರ್ಡ್ ಮಾಡಬೇಡಿ.

ಇನ್ನು ಕೇಳುವ ಕ್ರಮ. "ನಿಮಗೆ ಏನನ್ನಿಸಿತು?" ಅಂತ ಶುರು ಮಾಡಬೇಡಿ. "ಬೇಜಾರಾಯ್ತು" ಅಂತಾರೆ, ಮಾತು ನಿಂತುಹೋಗುತ್ತೆ. ಜಾಗದಿಂದ ಶುರು ಮಾಡಿ, ಕೈಯಲ್ಲಿದ್ದ ಕೆಲಸ ಕೇಳಿ, ಪಕ್ಕದಲ್ಲಿ ಯಾರಿದ್ದರು ಕೇಳಿ. ಮಲೆನಾಡಿನ ನಮ್ಮ ದೊಡ್ಡಮ್ಮನ ಜೊತೆ ಆಡಿದ ಮಾತು ಇಲ್ಲಿದೆ.

"ದೊಡ್ಡಮ್ಮ, ಅವತ್ತು ನೀವು ಎಲ್ಲಿದ್ರಿ?"

"ಎಲ್ಲಿರ್ತೀನಿ, ಮನೇಲೇ ಇದ್ದೆ."

"ಏನು ಮಾಡ್ತಿದ್ರಿ?"

"ಏನೋ ಮನೆ ಕೆಲಸ. ಅದೆಲ್ಲ ಎಲ್ಲಿ ನೆನಪಿರುತ್ತೆ?"

"ಮನೇಲಿ ಇನ್ಯಾರಿದ್ರು?"

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಬಂತು. "ತಡಿ, ಅಡಿಕೆ ಸುಲಿಯೋಕೆ ಹೆಂಗಸರು ಬಂದಿದ್ರು. ಜಗಲಿ ಮೇಲೆ ಮೆಟ್ಟುಗತ್ತಿ ಇಟ್ಕೊಂಡು ಸಾಲಾಗಿ ಕೂತಿದ್ವಿ. ಹುಡುಗ್ರು ಸ್ಕೂಲಿಂದ ಹೊತ್ತಿಗೆ ಮುಂಚೆನೇ ಓಡಿ ಬಂದ್ವು. ಗಂಟೆ ಹೊಡೆದುಬಿಟ್ರು, ಇಂದಿರಾ ಗಾಂಧಿಗೆ ಗುಂಡು ಹೊಡೆದ್ರಂತೆ ಅಂದ್ವು. ಒಬ್ಬಳು ಕತ್ತಿ ಬಿಟ್ಟು ಎದ್ದುಬಿಟ್ಲು. ನಮ್ ಕಡೆಗೆ ಬಂದಿತ್ತಲ್ಲ ಆಯಮ್ಮ, ಜೀಪಲ್ಲಿ ನಿಂತ್ಕಂಡು ಕೈ ಮುಗಿದಿತ್ತಲ್ಲ ಅಂತ ಅಳೋಕೆ ಶುರು ಮಾಡಿದ್ಲು."

"ಕೆಲಸ ನಿಲ್ಲಿಸಿದ್ರಾ?"

"ಹೆಂಗೆ ನಿಲ್ಸೋದು? ಸುಲಿದ ಅಡಿಕೆ ಬೇಯಿಸಲೇಬೇಕಲ್ಲ. ರಾತ್ರಿ ಹಂಡೆ ಒಲೆ ಹತ್ರಾನೇ ರೇಡಿಯೋ ಇಟ್ಕೊಂಡು ಕೂತಿದ್ವಿ."

"ಅದೆಲ್ಲ ಎಲ್ಲಿ ನೆನಪಿರುತ್ತೆ" ಅಂದವರ ಬಾಯಲ್ಲೇ ಇಷ್ಟು ಬಂತು. ಜೊತೆಗಿದ್ದವರು ಯಾರು ಅನ್ನುವ ಪ್ರಶ್ನೆ ಬಾಗಿಲು ತೆಗೆಯಿತು, ನಡುವಿನ ಮೌನ ಉಳಿದ ಕೆಲಸ ಮಾಡಿತು. ಅವರು ಸುಮ್ಮನಾದಾಗ ನೀವೂ ಸುಮ್ಮನಿರಿ. ಇನ್ನೊಂದು ಪ್ರಶ್ನೆ ತುರುಕಬೇಡಿ.

ಆ ಹೆಂಗಸು ಹೇಳಿದ ಮಾತಿಗೆ ಒಂದು ಹಿನ್ನೆಲೆ ಇದೆ. 1978ರ ನವೆಂಬರ್‌ನಲ್ಲಿ ಇಂದಿರಾ ಚಿಕ್ಕಮಗಳೂರಿನ ಉಪಚುನಾವಣೆಗೆ ನಿಂತು, ವೀರೇಂದ್ರ ಪಾಟೀಲರನ್ನು ಸೋಲಿಸಿ ಲೋಕಸಭೆಗೆ ಹೋದರು. ಅದಕ್ಕಾಗಿ ಡಿ.ಬಿ. ಚಂದ್ರೇಗೌಡರು ತಮ್ಮ ಸೀಟು ಬಿಟ್ಟುಕೊಟ್ಟಿದ್ದರು. ಹಾಗಾಗಿ ಆ ಕಡೆಯ ಹಿರಿಯರಿಗೆ ಇದು ದೂರದ ದೆಹಲಿಯ ಸಾವಾಗಿರಲಿಲ್ಲ. ನಿಮ್ಮೂರು ಆ ಭಾಗದ್ದಾದರೆ "ನೀವು ಅವರನ್ನು ನೋಡಿದ್ರಾ?" ಅಂತ ಖಂಡಿತ ಕೇಳಿ. 1984ರ ನೆನಪಿನ ಒಳಗೆ 1978 ಕೂತಿರುತ್ತೆ.

ನೆನಪು ಸಿಕ್ಕಿಹಾಕಿಕೊಂಡರೆ ಎಬ್ಬಿಸೋಕೆ ಕೆಲವು ಎಳೆಗಳಿವೆ. ಮರುದಿನ ನವೆಂಬರ್ 1, ಕನ್ನಡ ರಾಜ್ಯೋತ್ಸವ. ಆಗ ಶಾಲೆಯಲ್ಲಿದ್ದವರನ್ನು "ರಾಜ್ಯೋತ್ಸವಕ್ಕೆ ಡ್ಯಾನ್ಸು, ಹಾಡು ಏನಾದರೂ ತಯಾರಿ ಮಾಡಿದ್ರಾ? ಅದು ಏನಾಯ್ತು?" ಅಂತ ಕೇಳಿ. ಕ್ರಿಕೆಟ್ ಹುಚ್ಚಿದ್ದವರಿಗೆ ಸಿಯಾಲ್‌ಕೋಟ್ ಅನ್ನಿ. ಅವತ್ತು ಅಲ್ಲಿ ಭಾರತ ಪಾಕಿಸ್ತಾನದ ಒಂದು ದಿನದ ಪಂದ್ಯ ನಡೆಯುತ್ತಿತ್ತು. ವೆಂಗ್‌ಸರ್ಕರ್ 94 ಹೊಡೆದು ಔಟಾಗದೆ ಉಳಿದಿದ್ದರು. ಭಾರತದ ಬ್ಯಾಟಿಂಗ್ ಮುಗಿದ ಮೇಲೆ ಪಂದ್ಯವನ್ನೇ ಕೈಬಿಟ್ಟರು, ಪ್ರವಾಸವೂ ಅಲ್ಲಿಗೇ ನಿಂತಿತು. ಕಾಮೆಂಟರಿ ಕೇಳುತ್ತಾ ಇದ್ದವರಿಗೆ ಇಷ್ಟು ಹೇಳಿದರೆ ಸಾಕು.

ಈಗ ಕಷ್ಟದ ಭಾಗ. ಆ ದಿನ ಸಂಜೆಯಿಂದಲೇ ದೆಹಲಿಯಲ್ಲಿ ಸಿಖ್ಖರ ಮೇಲೆ ಹಲ್ಲೆ ಶುರುವಾಯಿತು. ಮುಂದಿನ ಮೂರು ದಿನ ಮನೆ, ಟ್ಯಾಕ್ಸಿ, ಗುರುದ್ವಾರಗಳಿಗೆ ಬೆಂಕಿ ಇಟ್ಟರು, ಜನರನ್ನು ಹೊರಗೆಳೆದು ಕೊಂದರು. ದೆಹಲಿ ಒಂದರಲ್ಲೇ 2,733 ಜನ ಸತ್ತರು ಅನ್ನುವುದು ಸರ್ಕಾರಿ ಲೆಕ್ಕ. ಇಂದಿರಾ ಸಾವಿನ ನೆನಪು ಬರೆದು ಇದನ್ನು ಬಿಟ್ಟರೆ ಅರ್ಧ ದಿನವನ್ನು ಬಿಟ್ಟ ಹಾಗೆ. ಆಗ ದೆಹಲಿಯಲ್ಲಿ ಕೇಂದ್ರ ಸರ್ಕಾರದ ಕೆಲಸದಲ್ಲಿದ್ದ, ಸೇನೆಯಲ್ಲಿದ್ದ ಕನ್ನಡಿಗರು ನಿಮ್ಮ ಬಳಗದಲ್ಲಿ ಇರಬಹುದು. ಅಕ್ಕಪಕ್ಕದ ಮನೆಗೆ ಏನಾಯಿತು, ತಾವು ಬಾಗಿಲು ತೆಗೆದರೋ ಹಾಕಿಕೊಂಡರೋ, ಅದನ್ನು ಅವರು ಹೇಳುವುದಾದರೆ ಹೇಳಲಿ, ನೀವು ಕೆದಕಬೇಡಿ. "ಅದೆಲ್ಲ ಬೇಡ ಬಿಡು" ಅಂದರೆ ಅಲ್ಲಿಗೇ ಬಿಡಿ, ಆದರೆ ಬೇಡ ಅಂದರು ಅನ್ನುವುದನ್ನು ಬರೆದುಕೊಳ್ಳಿ. ಬೀದರಿನಲ್ಲೋ ಬೆಂಗಳೂರಿನಲ್ಲೋ ನಿಮಗೆ ಸಿಖ್ ಗೆಳೆಯರಿದ್ದರೆ, ಅವರ ಮನೆಯ ಹಿರಿಯರಿಗೆ ಆ ವಾರ ಹೇಗಿತ್ತು ಅಂತ ಕೇಳೋಕೂ ಒಂದು ಹದ ಬೇಕು. ಮೊದಲ ಸಲ ಮನೆಗೆ ಹೋದಾಗ ಕೇಳುವ ಪ್ರಶ್ನೆ ಅಲ್ಲ ಅದು. ನೀವು ಯಾಕೆ ಬರೆಯುತ್ತಿದ್ದೀರಿ ಅಂತ ಅವರಿಗೆ ಗೊತ್ತಾಗಲಿ, ಹೇಳಬೇಕು ಅನ್ನಿಸಿದ ದಿನ ಅವರೇ ಹೇಳುತ್ತಾರೆ.

ಮನೆಗೆ ಬಂದ ಮೇಲೆ ತಾಳೆ ನೋಡಿ. ಎಲ್ಲಕ್ಕಿಂತ ಜಾಸ್ತಿ ಆಗುವ ಗೊಂದಲ ಅಂದರೆ ಇಂದಿರಾ ಮತ್ತು ರಾಜೀವ್ ಸಾವು ಕಲೆಸಿಹೋಗುವುದು. ರಾಜೀವ್ ಹತ್ಯೆ ಆದದ್ದು 1991ರ ಮೇ 21, ರಾತ್ರಿ ಹತ್ತು ಗಂಟೆ ದಾಟಿದ ಮೇಲೆ, ಶ್ರೀಪೆರಂಬುದೂರಿನಲ್ಲಿ. ಬಹಳ ಜನರಿಗೆ ಗೊತ್ತಾಗಿದ್ದೇ ಮರುದಿನ ಬೆಳಿಗ್ಗೆ. ಅದು ಬೇಸಿಗೆ ರಜ. "ಸ್ಕೂಲಿಂದ ಮನೆಗೆ ಕಳಿಸಿಬಿಟ್ರು" ಅಂದರೆ ಅದು 1984. "ಅಜ್ಜಿ ಮನೇಲಿದ್ವಿ, ಮಾವಿನ ಹಣ್ಣಿನ ಕಾಲ" ಅಂದರೆ 1991. ಚುನಾವಣೆ ನಡುವೆ ನಿಂತುಹೋಯಿತು ಅಂದರೂ 1991ರದ್ದೇ. ರಾಜೀವ್ ಹತ್ಯೆಯ ಸಂಚುಗಾರ ಶಿವರಾಸನ್, ಅವನು ಸತ್ತ ಬೆಂಗಳೂರಿನ ಕೋಣನಕುಂಟೆ ಅನ್ನುವ ಮಾತು ಬಂದರೆ ಅದು ಅದೇ ವರ್ಷದ ಆಗಸ್ಟ್.

ಎರಡನೆಯದು ಟಿವಿ. "ಗುಂಡು ಹೊಡೆದಿದ್ದನ್ನು ಟಿವಿಯಲ್ಲಿ ನೋಡಿದೆ" ಅನ್ನುವವರು ಸಿಗುತ್ತಾರೆ. ಅಂಥ ದೃಶ್ಯ ಟಿವಿಯಲ್ಲಿ ಬಂದೇ ಇಲ್ಲ. ಅವರು ನೋಡಿರುವುದು ತೀನ್ ಮೂರ್ತಿ ಭವನದಲ್ಲಿ ಇಟ್ಟಿದ್ದ ದೇಹವನ್ನು, ಇಲ್ಲವೇ ಮೂರನೇ ತಾರೀಖಿನ ಅಂತ್ಯಕ್ರಿಯೆಯನ್ನು. ಅದನ್ನು ದೂರದರ್ಶನ ನೇರವಾಗಿ ತೋರಿಸಿತು, ಟಿವಿ ಇದ್ದ ಮನೆಯ ಹಜಾರದಲ್ಲಿ ಬೀದಿಯೇ ಕೂತಿತ್ತು. ಯಾರ ಮನೆ, ಯಾರ ಪಕ್ಕ ಕೂತಿದ್ದರು ಅಂತ ಕೇಳಿದರೆ ಅದೂ ಒಂದು ಒಳ್ಳೆಯ ಕತೆ.

ಹಳೆಯ ಪೇಪರ್ ಸಿಕ್ಕರೆ ಬಹಳ ಉಪಯೋಗ. ದೊಡ್ಡ ಗ್ರಂಥಾಲಯಗಳಲ್ಲಿ ನವೆಂಬರ್ 1ರ ಪ್ರಜಾವಾಣಿ, ಉದಯವಾಣಿ, ಸಂಯುಕ್ತ ಕರ್ನಾಟಕ ಕೇಳಿ ನೋಡಿ. ಮುಖಪುಟದ ಫೋಟೋ ತೆಗೆದುಕೊಂಡು ಹೋಗಿ ಅವರ ಮುಂದೆ ಇಡಿ, ಆದರೆ ಮೊದಲ ಸಲ ಕೇಳುವಾಗ ಅಲ್ಲ, ಎರಡನೇ ಸಲ. ಮೊದಲೇ ತೋರಿಸಿದರೆ ಪೇಪರಿನಲ್ಲಿದ್ದದ್ದೇ ಅವರ ನೆನಪಾಗಿಬಿಡುತ್ತೆ.

ಬರೆಯುವಾಗ ಅವರ ಮಾತನ್ನು ಅವರ ಮಾತಿನಲ್ಲೇ ಇಡಿ. "ಬಂದ್ವು", "ನಿಂತ್ಕಂಡು" ಅನ್ನುವುದನ್ನು ಗ್ರಾಂಥಿಕ ಮಾಡಬೇಡಿ. ತಾಳೆ ಆಗದ ಕಡೆ ಅವರ ಸಾಲನ್ನು ಅಳಿಸದೆ, ಕೆಳಗೆ ಬೇರೆ ಬಣ್ಣದಲ್ಲಿ ನಿಮ್ಮ ಟಿಪ್ಪಣಿ ಹಾಕಿ. ಅವರು ಹೇಳಿದ್ದು ಯಾವುದು, ನೀವು ಹುಡುಕಿದ್ದು ಯಾವುದು ಅಂತ ಓದುವವರಿಗೆ ಕಾಣಬೇಕು. ಹಾಳೆಯ ಮೇಲ್ಭಾಗದಲ್ಲಿ, ನೆನಪು ಹೇಳಿದವರ ಹೆಸರು, ಆಗಿನ ವಯಸ್ಸು, ಆಗ ಇದ್ದ ಊರು ಮತ್ತು ಬೀದಿ, ನೀವು ಕೇಳಿದ ದಿನ ಇಷ್ಟು ಬರೆಯಿರಿ. ಅಡಿಕೆ ಸುಲಿಯೋಕೆ ಬಂದಿದ್ದ ಆ ಹೆಂಗಸಿನಂಥವರ ಹೆಸರೂ ಕೇಳಿ ಹಾಕಿ. ಇಂಥವರ ಹೆಸರು ಯಾವ ದಾಖಲೆಯಲ್ಲೂ ಇರುವುದಿಲ್ಲ.

ಬರೆದು ಮುಗಿದ ಮೇಲೆ ಅವರ ಮುಂದೆ ಕೂತು ಜೋರಾಗಿ ಓದಿ ಹೇಳಿ. ತೆಗಿ ಅಂದ ಸಾಲು ತೆಗೆಯಿರಿ. ಓದುವಾಗ "ಅಯ್ಯೋ, ಇನ್ನೊಂದು ಮರೆತಿದ್ದೆ" ಅನ್ನುತ್ತಾರೆ. ಆ ಹೊತ್ತಿಗೆ ಫೋನಿನ ರೆಕಾರ್ಡಿಂಗ್ ಮತ್ತೆ ಆನ್ ಆಗಿರಲಿ. ಹೊಸದಾಗಿ ಬಂದದ್ದನ್ನು ಅವತ್ತಿನ ತಾರೀಖು ಹಾಕಿ ಕೊನೆಯಲ್ಲಿ ಸೇರಿಸಿ, ಒಂದು ಪ್ರತಿ ಪ್ರಿಂಟ್ ತೆಗೆದು ಅವರಿಗೆ ಕೊಡಿ, ಇನ್ನೊಂದನ್ನು ಬೇರೆ ಊರಿನಲ್ಲಿರುವ ತಂಗಿಗೋ ಭಾವನಿಗೋ ಕಳಿಸಿ.