ಹಳದಿ ದೀಪ ಹೊತ್ತಿದೆಯೇ? ಕಾರನ್ನು ಲ್ಯಾಪ್‌ಟಾಪ್‌ಗೆ ಜೋಡಿಸುವುದು ಹೀಗೆ

ಮಳೆಗಾಲ ಮುಗಿಯುವ ಹೊತ್ತಿಗೆ ಮಲೆನಾಡಿನ ಕಾರುಗಳಿಗೊಂದು ಕಾಯಿಲೆ ಬರುತ್ತದೆ. ಎಂಜಿನ್ ತನ್ನ ಪಾಡಿಗೆ ಓಡುತ್ತಿರುತ್ತದೆ, ಡ್ಯಾಶ್‌ಬೋರ್ಡಿನಲ್ಲಿ ಮಾತ್ರ ಎಂಜಿನ್ ಆಕಾರದ ಹಳದಿ ದೀಪ ಹೊತ್ತಿಕೊಂಡು ಆರುವುದೇ ಇಲ್ಲ. ಕಳೆದ ವರ್ಷ ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಬರುವಾಗ, ಮಂಡಗದ್ದೆ ದಾಟಿದ ಮೇಲೆ ನನ್ನ ಕಾರಿನಲ್ಲೂ ಹೊತ್ತಿತು. ನಗರದ ಗ್ಯಾರೇಜೊಂದರಲ್ಲಿ ಸ್ಕ್ಯಾನರ್ ಚುಚ್ಚಿ ನೋಡಿದವರು ‘ಸೆನ್ಸರ್ ಹೋಗಿದೆ’ ಎಂದು ಹೊಸದು ಹಾಕಿದರು. ಮೂರನೆಯ ದಿನ ದೀಪ ಮತ್ತೆ ಹಾಜರ್. ದುಡ್ಡು ಹೋದದ್ದು ಒಂದು ಕಡೆಗಿರಲಿ, ಸ್ಕ್ಯಾನರಿನ ಪರದೆಯಲ್ಲಿ ಏನು ಬಂತೆಂದು ಅವರು ನನಗೆ ತೋರಿಸಲೇ ಇಲ್ಲವಲ್ಲ ಎಂಬುದು ಹೆಚ್ಚು ಕೆರಳಿಸಿತು. ಆ ರಾತ್ರಿಯೇ ನನ್ನದೇ ಒಂದು ಕೇಬಲ್‌ಗೆ ಆರ್ಡರ್ ಕೊಟ್ಟೆ.

ಕೇಬಲ್ ಬಂತು, ಅದು ಕೆಲಸ ಮಾಡಲು ನಾಲ್ಕು ದಿನ ಹಿಡಿಯಿತು. ಆ ನಾಲ್ಕೂ ದಿನ ಕಾರು ಸುಮ್ಮನೆ ನಿಂತಿತ್ತು. ಜಗಳವೆಲ್ಲ ಹೊಸ ಲ್ಯಾಪ್‌ಟಾಪ್‌ಗೂ ಹಳೆಯ ಕಾಲದ ಕೇಬಲ್‌ಗೂ ನಡುವೆ. ಇಲ್ಲಿ ಮೂರು ಕೊಂಡಿಗಳಿವೆ: ಲ್ಯಾಪ್‌ಟಾಪ್ ಮತ್ತು ಕೇಬಲ್, ಕೇಬಲ್ ಮತ್ತು ಕಾರು, ಕಾರಿನ ಕಂಪ್ಯೂಟರ್ ಮತ್ತು ತಂತ್ರಾಂಶ. ಒಂದೊಂದನ್ನೇ ಪರೀಕ್ಷಿಸುತ್ತಾ ಹೋದರೆ ಅರ್ಧ ದಿನದ ಕೆಲಸ. ಎಲ್ಲವನ್ನೂ ಒಟ್ಟಿಗೆ ಚುಚ್ಚಿ ‘ಕನೆಕ್ಟ್’ ಗುಂಡಿ ಒತ್ತುತ್ತಾ ಕುಳಿತರೆ ಎಲ್ಲಿ ತಪ್ಪಿತೆಂಬುದೇ ತಿಳಿಯುವುದಿಲ್ಲ.

ಮೊದಲು ಕಿಂಡಿ ಹುಡುಕಿ

ಸ್ಟಿಯರಿಂಗ್ ಕೆಳಗೆ, ಚಾಲಕನ ಮೊಣಕಾಲಿನ ಆಸುಪಾಸಿನಲ್ಲಿ, ಒಂದು ಬದಿ ಅಗಲ ಇನ್ನೊಂದು ಬದಿ ಕಿರಿದಾದ ಕಿಂಡಿ ಇರುತ್ತದೆ. ಎಂಟೆಂಟರ ಎರಡು ಸಾಲು, ಒಟ್ಟು 16 ಪಿನ್. ಇದೇ ಒಬಿಡಿ ಪೋರ್ಟ್; ಒಬಿಡಿ ಎಂದರೆ ಕಾರು ತನ್ನ ದೋಷವನ್ನು ತಾನೇ ಪತ್ತೆಹಚ್ಚಿ ದಾಖಲಿಸುವ ವ್ಯವಸ್ಥೆ. ಕೆಲವು ಕಾರುಗಳಲ್ಲಿ ಇದು ಪ್ಲಾಸ್ಟಿಕ್ ಮುಚ್ಚಳದ ಹಿಂದೆ ಅವಿತಿರುತ್ತದೆ. ಅಮೆರಿಕದಲ್ಲಿ 1996ರ ಮಾದರಿಯ ಕಾರುಗಳಿಂದಲೇ ಇದು ಕಡ್ಡಾಯ. ನಮ್ಮಲ್ಲಿ ಒಬಿಡಿಯ ಎರಡನೆಯ ಹಂತ 2013ರ ಏಪ್ರಿಲ್‌ನಲ್ಲಿ, ಬಿಎಸ್-4 ಹೊಗೆ ನಿಯಮದ ಕಾಲದಲ್ಲಿ ಬಂತು. ಆ ಬಳಿಕದ ಕಾರಾದರೆ ಧೈರ್ಯವಾಗಿ ಮುಂದುವರಿಯಿರಿ. ತೋಟಕ್ಕೆ ಗೊಬ್ಬರ ಹೊರುವ ಹಳೆಯ ಜೀಪಿನಲ್ಲಿ ಮಾತ್ರ ಹುಡುಕಬೇಡಿ. ಅದರ ರೋಗ ಬರಿಗಿವಿಗೇ ಕೇಳಿಸುತ್ತದೆ.

ಕಿಂಡಿಯೊಳಗೆ ಟಾರ್ಚ್ ಬಿಟ್ಟು ನೋಡಿ. 16ನೆಯ ಪಿನ್‌ಗೆ ಬ್ಯಾಟರಿಯ ಪಾಸಿಟಿವ್ ಸದಾ ಬಂದಿರುತ್ತದೆ, 4 ಮತ್ತು 5 ಅರ್ತ್. 6 ಮತ್ತು 14ನೆಯವು ಕ್ಯಾನ್ ಎಂಬ ಜಾಲದ ಎರಡು ವೈರುಗಳು; ಎಂಜಿನ್, ಬ್ರೇಕ್, ಮೀಟರ್‌ಗಳ ಕಂಪ್ಯೂಟರ್‌ಗಳು ತಮ್ಮ ತಮ್ಮಲ್ಲಿ ಮಾತಾಡಿಕೊಳ್ಳುವ ಈ ಪದ್ಧತಿಯನ್ನು ಬಾಷ್ ಕಂಪನಿ 1986ರಲ್ಲಿ ಪರಿಚಯಿಸಿತು. ಹಳೆಯ ಅನೇಕ ಕಾರುಗಳಲ್ಲಿ ಸ್ಕ್ಯಾನರ್ ಜೊತೆ ಮಾತಾಡುವ ಕೆಲಸ 7ನೆಯ ಪಿನ್ನಿನದು. ನಾಲ್ಕು ತಿಂಗಳ ಥಂಡಿಯಲ್ಲಿ ಈ ಪಿನ್‌ಗಳಿಗೆ ಹಸಿರು ಕಿಲುಬು ಹಿಡಿದಿದ್ದರೆ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಒಣಗಲು ಬಿಡಿ. ಸೂಜಿಯಿಂದ ಕೆರೆಯಬೇಡಿ. 16ನೆಯ ಪಿನ್‌ನಲ್ಲಿ ಕರೆಂಟ್ ಇದೆ ಎಂದು ಈಗಷ್ಟೇ ಹೇಳಿದೆ.

ಕೇಬಲ್ ಎಂಬ ಮಾಯೆ

ಮಾರುಕಟ್ಟೆಯಲ್ಲಿ ಸಿಗುವ ಬಹುತೇಕ ಅಗ್ಗದ ಅಡಾಪ್ಟರ್‌ಗಳು (ಕಾರಿನ ಕಿಂಡಿಗೆ ಚುಚ್ಚುವ ಸಾಧನಗಳು) ‘ಎಲ್ಮ್ 327’ ಎಂಬ ಹೆಸರು ಹೊತ್ತಿರುತ್ತವೆ. ಇದು ಕೆನಡಾದ ಎಲ್ಮ್ ಎಲೆಕ್ಟ್ರಾನಿಕ್ಸ್ ಎಂಬ ಸಣ್ಣ ಕಂಪನಿಯ ಚಿಪ್. ಆ ಕಂಪನಿ 2022ರಲ್ಲಿ ಬಾಗಿಲು ಹಾಕಿತು. ಡಬ್ಬದ ಮೇಲೆ ‘ಆವೃತ್ತಿ 1.5’ ಎಂದು ದೊಡ್ಡದಾಗಿ ಅಚ್ಚಾಗಿರುವುದು ಕಂಡರೆ ನಕ್ಕುಬಿಡಿ. ಎಲ್ಮ್ ಕಂಪನಿ 1.5 ಎಂಬ ಆವೃತ್ತಿಯನ್ನು ಹೊರತಂದದ್ದೇ ಇಲ್ಲ. ನಕಲು ಎಂದ ಮಾತ್ರಕ್ಕೆ ಎಸೆಯಬೇಕಿಲ್ಲ, ದೋಷದ ಕೋಡ್ ಓದುವಷ್ಟು ಕೆಲಸ ಅನೇಕ ನಕಲುಗಳು ಮಾಡುತ್ತವೆ. ಲ್ಯಾಪ್‌ಟಾಪ್‌ಗಾದರೆ ಯುಎಸ್‌ಬಿ ಕೇಬಲ್ ಇರುವುದನ್ನೇ ಕೊಳ್ಳಿ. ಬ್ಲೂಟೂತ್‌ನದು ಮೊಬೈಲ್‌ಗೆ ಚೆನ್ನ. ವೈಫೈನದು ತಾನೇ ಒಂದು ಜಾಲವಾಗಿ ಕುಳಿತು ಲ್ಯಾಪ್‌ಟಾಪ್‌ನ ಇಂಟರ್‌ನೆಟ್ ತಪ್ಪಿಸುತ್ತದೆ.

ಕಾರಿನ ಕಂಪನಿಗೆ ತಕ್ಕ ತಂತ್ರಾಂಶ ಬೇರೆ ಬೇರೆ. ಫೋರ್ಡ್ ಕಾರು ಇದ್ದವರಿಗೆ ಫೋರ್‌ಸ್ಕ್ಯಾನ್ ಇದೆ. 2021ರಲ್ಲಿ ಆ ಕಂಪನಿ ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಘೋಷಿಸಿದ ಮೇಲೆ ಇದನ್ನು ಕಲಿತಿಟ್ಟುಕೊಳ್ಳುವುದು ಇನ್ನೂ ಜಾಣತನ. ಫೋಕ್ಸ್‌ವ್ಯಾಗನ್, ಸ್ಕೋಡಾಗಳಿಗೆ ವಿಸಿಡಿಎಸ್, ಅದಕ್ಕೆ ಅದರದೇ ಕೇಬಲ್ ಬೇಕು. ಉಳಿದವರಿಗೆ ಸ್ಕ್ಯಾನ್‌ಮಾಸ್ಟರ್‌ನಂಥ ಸಾಮಾನ್ಯ ತಂತ್ರಾಂಶ ಸಾಕು. ಸಾಮಾನ್ಯ ತಂತ್ರಾಂಶ ಎಂಜಿನ್ ಮತ್ತು ಹೊಗೆಗೆ ಸಂಬಂಧಿಸಿದ ಕೋಡ್‌ಗಳನ್ನು ಓದುತ್ತದೆ. ಎಬಿಎಸ್, ಏರ್‌ಬ್ಯಾಗ್‌ಗಳ ಒಳಮಾತು ಅದಕ್ಕೆ ತಿಳಿಯುವುದಿಲ್ಲ.

ಕೇಬಲ್ ಜೊತೆ ಅಂಗೈಯಗಲದ ಸಿಡಿಯೊಂದು ಬರುತ್ತದೆ. ಇಂದಿನ ಲ್ಯಾಪ್‌ಟಾಪ್‌ಗಳಲ್ಲಿ ಸಿಡಿ ಹಾಕುವ ಜಾಗವೇ ಇಲ್ಲದಿರುವುದು ದೇವರು ಮಾಡಿದ ಉಪಕಾರ. ಅಂಥ ಸಿಡಿಗಳಲ್ಲಿರುವುದು ಬೀಗ ಮುರಿದ ತಂತ್ರಾಂಶ. ‘ಆಂಟಿವೈರಸ್ ನಿಲ್ಲಿಸಿ ಇನ್‌ಸ್ಟಾಲ್ ಮಾಡಿ’ ಎಂಬ ಸೂಚನೆ ಕಂಡಲ್ಲಿಗೆ ಕೈ ಮುಗಿದು ಹಿಂದೆ ಸರಿಯಿರಿ. ಬ್ಯಾಂಕಿನ ವ್ಯವಹಾರ ಮಾಡುವ ಯಂತ್ರದಲ್ಲಂತೂ ಬೇಡವೇ ಬೇಡ. ಹಳೆಯ ತಂತ್ರಾಂಶ ಅನಿವಾರ್ಯವಾದರೆ ಅಟ್ಟದ ಮೇಲಿರುವ ವಿಂಡೋಸ್ 7ರ ಲ್ಯಾಪ್‌ಟಾಪ್ ಇಳಿಸಿ, ಇಂಟರ್‌ನೆಟ್‌ಗೆ ಸೇರಿಸದೆ, ಅದಕ್ಕೊಂದನ್ನೇ ಮೀಸಲಿಡಿ.

ಜಗಲಿಯಲ್ಲಿ ಕುಳಿತು ಮಾಡುವ ಕೆಲಸ

ಈಗ ಲ್ಯಾಪ್‌ಟಾಪ್. ಕಾರಿನ ಹತ್ತಿರ ಹೋಗಬೇಡಿ, ಕೇಬಲ್‌ನ ಯುಎಸ್‌ಬಿ ತುದಿಯನ್ನು ಮಾತ್ರ ಲ್ಯಾಪ್‌ಟಾಪ್‌ಗೆ ಚುಚ್ಚಿ. ಸಿ ಮಾದರಿಯ ಕಿಂಡಿ ಮಾತ್ರ ಇರುವ ತೆಳು ಲ್ಯಾಪ್‌ಟಾಪ್ ಆದರೆ ಪರಿವರ್ತಕ ಬೇಕು. ಚಾರ್ಜ್ ಮಾಡಲಷ್ಟೇ ಬರುವ ಪರಿವರ್ತಕದಲ್ಲಿ ದತ್ತಾಂಶದ ವೈರೇ ಇರುವುದಿಲ್ಲ, ಆದ್ದರಿಂದ ಪೆನ್‌ಡ್ರೈವ್ ಚುಚ್ಚಿ ತೆರೆಯುತ್ತದೆಯೇ ಎಂದು ಮೊದಲು ನೋಡಿಕೊಳ್ಳಿ. ಬಳಿಕ ವಿಂಡೋಸ್‌ನ ಡಿವೈಸ್ ಮ್ಯಾನೇಜರ್ ತೆರೆಯಿರಿ, ಲ್ಯಾಪ್‌ಟಾಪ್‌ಗೆ ಜೋಡಿಸಿದ ಸಾಧನಗಳ ಪಟ್ಟಿ ಅದು. ‘ಪೋರ್ಟ್ಸ್’ ಎಂಬ ಸಾಲಿನಡಿ ಕಾಮ್ 3, ಕಾಮ್ 5 ಎಂದು ಏನಾದರೂ ಹೊಸದಾಗಿ ಕಂಡರೆ ಮೊದಲ ಕೊಂಡಿ ಕೂಡಿತು. ಹಳದಿ ತ್ರಿಕೋನ ಕಂಡರೆ ಡ್ರೈವರ್, ಅಂದರೆ ಕೇಬಲ್ ಜೊತೆ ಮಾತಾಡಲು ವಿಂಡೋಸ್‌ಗೆ ಬೇಕಾದ ಸಣ್ಣ ತಂತ್ರಾಂಶ, ಇಲ್ಲವೆಂದು ಅರ್ಥ. ವಿಂಡೋಸ್ ಅದನ್ನು ಇಂಟರ್‌ನೆಟ್‌ನಿಂದ ತಾನೇ ತರಿಸಿಕೊಳ್ಳಬಲ್ಲದು. ನೆಟ್‌ವರ್ಕ್‌ಗಾಗಿ ಗುಡ್ಡ ಹತ್ತಬೇಕಾದ ಹೊಸನಗರದ ಕಡೆಯ ಮನೆಗಳಲ್ಲಿ ಅದು ಬರಿಗೈಯಲ್ಲಿ ಕುಳಿತುಬಿಡುತ್ತದೆ. ಪೇಟೆಗೆ ಹೋದಾಗಲೇ ಡ್ರೈವರ್ ಇಳಿಸಿ ಇಟ್ಟುಕೊಳ್ಳಿ.

ಯಾವ ಡ್ರೈವರ್? ನನ್ನ ನಾಲ್ಕು ದಿನಗಳಲ್ಲಿ ಎರಡನ್ನು ನುಂಗಿದ ಪ್ರಶ್ನೆ ಇದು. ಕೇಬಲ್ ಮಾರಿದವರ ಮಾತು ನಂಬದೆ ಕೇಬಲ್ಲಿನೊಳಗಿನ ಯುಎಸ್‌ಬಿ ಚಿಪ್ಪನ್ನೇ ಕೇಳಿ. ಡಿವೈಸ್ ಮ್ಯಾನೇಜರಿನಲ್ಲಿ ಆ ಸಾಲಿನ ‘ಪ್ರಾಪರ್ಟೀಸ್’, ಅಲ್ಲಿ ‘ಡೀಟೇಲ್ಸ್’, ಅದರೊಳಗೆ ‘ಹಾರ್ಡ್‌ವೇರ್ ಐಡಿ’. ವಿಐಡಿ (ತಯಾರಕರ ಗುರುತಿನ ಸಂಖ್ಯೆ) ಎಂಬುದರ ಮುಂದೆ 0403 ಎಂದಿದ್ದರೆ ಎಫ್‌ಟಿಡಿಐ, 1ಎ86 ಎಂದಿದ್ದರೆ ಚೀನಾದ ಸಿಎಚ್ 340, 10ಸಿ4 ಆದರೆ ಸಿಲಿಕಾನ್ ಲ್ಯಾಬ್ಸ್, 067ಬಿ ಆದರೆ ಪ್ರಾಲಿಫಿಕ್. ಆಯಾ ಚಿಪ್ ಕಂಪನಿಯ ತಾಣದಿಂದಲೇ ಡ್ರೈವರ್ ಇಳಿಸಿ. ಪ್ರಾಲಿಫಿಕ್‌ನ ಹಳೆಯ ಚಿಪ್ ಸಿಕ್ಕಿದವರು ನತದೃಷ್ಟರು. 2012ರಿಂದಲೇ ಇದನ್ನು ನಿಲ್ಲಿಸಲಾಗಿದೆ, ಮಾರಿದವರನ್ನು ಕೇಳಿ ಎಂಬ ಸಾಲು ಡಿವೈಸ್ ಮ್ಯಾನೇಜರಿನಲ್ಲೇ ಮೂಡುತ್ತದೆ. ಎಫ್‌ಟಿಡಿಐ ಹೆಸರಿನ ನಕಲಿ ಚಿಪ್‌ಗಳದ್ದು ಇನ್ನೊಂದು ಕತೆ. 2014ರಲ್ಲಿ ವಿಂಡೋಸ್ ಅಪ್‌ಡೇಟ್ ಮೂಲಕ ಬಂದ ಡ್ರೈವರೊಂದು ಅಂಥ ನಕಲಿಗಳ ಗುರುತಿನ ಸಂಖ್ಯೆಯನ್ನೇ ಸೊನ್ನೆ ಮಾಡಿತ್ತು. ಗದ್ದಲವೆದ್ದ ಮೇಲೆ ಅದನ್ನು ಹಿಂತೆಗೆದುಕೊಂಡರು.

ಹೊಸ ಲ್ಯಾಪ್‌ಟಾಪ್‌ನ ತಂಟೆಗಳು ಇನ್ನೆರಡಿವೆ. ವಿಂಡೋಸ್ 11 ಬರುವುದು 64 ಬಿಟ್‌ನಲ್ಲಿ ಮಾತ್ರ, 32 ಬಿಟ್ ಕಾಲದ ಡ್ರೈವರ್ ಅದರಲ್ಲಿ ಕೂರುವುದೇ ಇಲ್ಲ. ‘ಮೆಮೊರಿ ಇಂಟೆಗ್ರಿಟಿ’ ಎಂಬ ಕಾವಲು ಕೂಡ ಹಳೆಯ ಡ್ರೈವರ್‌ಗಳನ್ನು ಬಾಗಿಲಲ್ಲೇ ತಡೆಯುತ್ತದೆ. ಆ ಕಾವಲನ್ನೇ ತೆಗೆಯಿರಿ ಎನ್ನುವವರ ಮಾತು ಕೇಳಬೇಡಿ, ಹೊಸ ಡ್ರೈವರ್ ಹುಡುಕಿ. ಸಿಗದಿದ್ದರೆ ಕೇಬಲ್ ಬದಲಿಸಿ. ಸ್ನಾಪ್‌ಡ್ರ್ಯಾಗನ್ ಚಿಪ್ ಇರುವ ಲ್ಯಾಪ್‌ಟಾಪ್ ಕೊಂಡವರು ಇನ್ನಷ್ಟು ಎಚ್ಚರವಾಗಿರಬೇಕು. ಸಾಮಾನ್ಯ ತಂತ್ರಾಂಶಗಳು ಅದರಲ್ಲಿ ಅನುಕರಣೆಯಿಂದ ಓಡುತ್ತವೆ, ಡ್ರೈವರ್ ಮಾತ್ರ ಆರ್ಮ್ ಎಂಬ ಆ ಬಗೆಯ ಚಿಪ್‌ಗೆಂದೇ ಮಾಡಿದ್ದಾಗಿರಬೇಕು. ಲಿನಕ್ಸ್ ಬಳಸುವವರಿಗೆ ಡ್ರೈವರಿನ ಗೋಳಿಲ್ಲ. ಆದರೆ ಉಬುಂಟು 22.04ರಲ್ಲಿ ಅಂಧರ ಬ್ರೈಲ್ ಯಂತ್ರಕ್ಕಾಗಿ ಇರುವ ಬಿಆರ್‌ಎಲ್‌ಟಿಟಿವೈ ಎಂಬ ಸೇವೆ ಸಿಎಚ್ 340ಯನ್ನು ತನ್ನದೆಂದು ಎಳೆದುಕೊಂಡುಬಿಡುತ್ತದೆ. ಅದನ್ನು ತೆಗೆದರೆ ಪೋರ್ಟ್ ಕಾಣಿಸುತ್ತದೆ.

ಡ್ರೈವರ್ ಕೂತ ಮೇಲೆ ಪೋರ್ಟಿನ ‘ಅಡ್ವಾನ್ಸ್‌ಡ್’ ಪುಟದಲ್ಲಿ ಎರಡು ತಿದ್ದುಪಡಿ ಮಾಡಿ. ಕಾಮ್ ಸಂಖ್ಯೆ ಎರಡಂಕಿಯದಾಗಿದ್ದರೆ 3 ಅಥವಾ 4ಕ್ಕೆ ಇಳಿಸಿ, ಹಳೆಯ ತಂತ್ರಾಂಶಗಳಿಗೆ ದೊಡ್ಡ ಸಂಖ್ಯೆ ಕಾಣುವುದಿಲ್ಲ. ಎಫ್‌ಟಿಡಿಐ ಆದರೆ ‘ಲೇಟೆನ್ಸಿ ಟೈಮರ್’ 16 ಇರುವುದನ್ನು 1 ಮಾಡಿ, ಅಂಕಿಗಳು ಪರದೆಗೆ ಚುರುಕಾಗಿ ಬರುತ್ತವೆ.

ಕಾರಿನ ಬಳಿಗೆ

ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆಯಿರಿ. ಅಡಾಪ್ಟರ್ ಚುಚ್ಚಿ, ಕೀಲಿ ತಿರುಗಿಸಿ ದೀಪಗಳೆಲ್ಲ ಹೊತ್ತುವಲ್ಲಿಗೆ ನಿಲ್ಲಿಸಿ, ಎಂಜಿನ್ ಬೇಡ. ಈಗಲೂ ದೊಡ್ಡ ತಂತ್ರಾಂಶ ತೆರೆಯಬೇಡಿ. ಪುಟ್ಟಿ ಎಂಬ ಉಚಿತ ತಂತ್ರಾಂಶವೊಂದಿದೆ, ಹೆಸರು ನಮ್ಮ ಮನೆಯ ಕೂಸಿನದರಂತೆಯೇ ಇದೆ, ಕೆಲಸ ಮಾತ್ರ ದೊಡ್ಡವರದ್ದು. ಅದರಲ್ಲಿ ‘ಸೀರಿಯಲ್’ ಆರಿಸಿ, ನಿಮ್ಮ ಕಾಮ್ ಸಂಖ್ಯೆ ಕೊಟ್ಟು, ವೇಗ 38400 ಎಂದು ತುಂಬಿ ತೆರೆಯಿರಿ. ಕಪ್ಪು ಪರದೆ ಬರುತ್ತದೆ. ಎ, ಟಿ, ಝಡ್ ಎಂಬ ಮೂರು ಇಂಗ್ಲಿಷ್ ಅಕ್ಷರ ಒತ್ತಿ ಎಂಟರ್ ಕೊಟ್ಟರೆ ಅಡಾಪ್ಟರ್ ತನ್ನ ಹೆಸರು ಹೇಳಬೇಕು. ಅರ್ಥವಾಗದ ಚಿಹ್ನೆಗಳು ಬಂದರೆ ವೇಗ ತಪ್ಪಿದೆ, 9600 ಅಥವಾ 115200 ಹಾಕಿ ನೋಡಿ.

ನಂತರ ಎ, ಟಿ, ಆರ್, ವಿ. ಇದಕ್ಕೆ ಬರುವ ಉತ್ತರ ಬ್ಯಾಟರಿಯ ವೋಲ್ಟೇಜ್. ಎಂಜಿನ್ ನಿಂತಿರುವಾಗ 12.4ರಿಂದ 12.7ರ ನಡುವೆ ಇದ್ದರೆ ಆರೋಗ್ಯ. ತೀರಾ ಕಡಿಮೆಯಿದ್ದರೆ ಮೊದಲು ಬ್ಯಾಟರಿ ಚಾರ್ಜ್ ಮಾಡಿ. ಸೋತ ಬ್ಯಾಟರಿ ಇಲ್ಲದ ರೋಗಗಳ ಕೋಡ್‌ಗಳನ್ನೆಲ್ಲ ಹುಟ್ಟಿಸುತ್ತದೆ. ಎರಡನೆಯ ಕೊಂಡಿ ಕೂಡಿತೆಂದಾಯಿತು. ಕೊನೆಗೆ 0100 ಎಂದು ಒತ್ತಿ. ಸ್ವಲ್ಪ ಹುಡುಕಾಡಿ 41 00 ಎಂದು ಶುರುವಾಗುವ ಸಾಲು ಬಂದರೆ ಎಂಜಿನ್ನಿನ ಕಂಪ್ಯೂಟರ್ ನಿಮ್ಮೊಡನೆ ಮಾತಾಡಿದೆ. ನನಗೆ ಈ ಸಾಲು ಬಂದಾಗ ಸಂಜೆ ಏಳು ಗಂಟೆ. ಕೊಟ್ಟಿಗೆಯ ಪಕ್ಕದ ಶೆಡ್ಡಿನಲ್ಲಿ ಸೊಳ್ಳೆ ಹೊಡೆದುಕೊಳ್ಳುತ್ತಾ ಒಬ್ಬನೇ ಚಪ್ಪಾಳೆ ತಟ್ಟಿದೆ. ‘ಕಾರಿನ ಜೊತೆ ಎಂಥ ಮಾತು ಮಾರಾಯ’ ಎಂದು ಭಾವ ಒಳಗಿಂದ ಕೇಳಿದರು.

ಪುಟ್ಟಿಯನ್ನು ಮುಚ್ಚಿ, ಒಂದು ಪೋರ್ಟನ್ನು ಒಮ್ಮೆಗೆ ಒಂದೇ ತಂತ್ರಾಂಶ ಬಳಸಬಹುದು. ಈಗ ನಿಮ್ಮ ತಂತ್ರಾಂಶದಲ್ಲಿ ಅದೇ ಕಾಮ್ ಸಂಖ್ಯೆ, ಅದೇ ವೇಗ ಕೊಟ್ಟು ಕನೆಕ್ಟ್ ಒತ್ತಿ.

ಕೋಡ್ ಬಂತು, ಮುಂದೇನು?

ನನಗೆ ಬಂದದ್ದು ಪಿ 0113. ಮೊದಲ ಅಕ್ಷರ ಪಿ ಎಂದರೆ ಎಂಜಿನ್, ಗೇರ್‌ಬಾಕ್ಸ್ ಕಡೆಯದ್ದು. ಮುಂದಿನ ಸೊನ್ನೆ ಎಂದರೆ ಎಲ್ಲ ಕಂಪನಿಗಳಿಗೂ ಸಮಾನ ಅರ್ಥದ್ದು. ಎಂಜಿನ್ ಒಳಕ್ಕೆ ಎಳೆದುಕೊಳ್ಳುವ ಗಾಳಿಯ ಉಷ್ಣತೆ ಅಳೆಯುವ ಸೆನ್ಸರಿನ ಸರ್ಕ್ಯೂಟ್‌ನಲ್ಲಿ ವೋಲ್ಟೇಜ್ ಹೆಚ್ಚಾಗಿದೆ ಎಂದು ಇದರ ತಾತ್ಪರ್ಯ. ಗಮನಿಸಿ, ‘ಸರ್ಕ್ಯೂಟ್’ ಎಂದಿದೆ. ಸೆನ್ಸರ್, ಸಾಕೆಟ್, ವೈರ್ ಮೂರೂ ಅದರಲ್ಲಿ ಸೇರಿದವು. ಗ್ಯಾರೇಜಿನವರು ಆ ಮೂರರಲ್ಲಿ ಒಂದನ್ನು ಆರಿಸಿ ಬಿಲ್ ಬರೆದಿದ್ದರು.

ಕೋಡನ್ನು ಅಳಿಸುವ ಮೊದಲು ಅದನ್ನೂ, ಅದರ ಜೊತೆಗಿರುವ ‘ಫ್ರೀಜ್ ಫ್ರೇಮ್’ ಪುಟವನ್ನೂ ಉಳಿಸಿಕೊಳ್ಳಿ. ದೋಷ ದಾಖಲಾದ ಗಳಿಗೆಯಲ್ಲಿ ಕಾರಿನ ವೇಗ, ಎಂಜಿನ್ನಿನ ಸುತ್ತು, ನೀರಿನ ಬಿಸಿ ಎಷ್ಟಿತ್ತೆಂದು ಅಲ್ಲಿರುತ್ತದೆ. ಅಳಿಸುವ ಗುಂಡಿ ಒತ್ತಿದರೆ ಇದೂ ಹೋಗುತ್ತದೆ. ಆಮೇಲೆ ನೇರ ಅಂಕಿಗಳ ಪುಟ ತೆರೆಯಿರಿ. ನನ್ನ ಪರದೆಯಲ್ಲಿ ಒಳಗಾಳಿಯ ಉಷ್ಣತೆ ಮೈನಸ್ 40 ಡಿಗ್ರಿ ಎಂದು ತೋರಿಸುತ್ತಿತ್ತು. ಆಗುಂಬೆಯಲ್ಲಿ ಎಷ್ಟು ಚಳಿ ಬಿದ್ದರೂ ಅಷ್ಟು ಬೀಳದು. ಕಾರು ಈ ಅಂಕಿಯನ್ನು 40 ಕೂಡಿಸಿ ಕಳಿಸುತ್ತದೆ, ತಂತ್ರಾಂಶ 40 ಕಳೆದು ತೋರಿಸುತ್ತದೆ. ಮೈನಸ್ 40 ಎಂದರೆ ಕಾರು ಕಳಿಸಿದ್ದು ಬರೀ ಸೊನ್ನೆ. ಈ ಸೆನ್ಸರ್ ತಣ್ಣಗಾದಷ್ಟೂ ಅದರ ಪ್ರತಿರೋಧ ಏರುತ್ತದೆ. ವೈರ್ ತುಂಡಾದರೆ ಪ್ರತಿರೋಧಕ್ಕೆ ಮಿತಿಯೇ ಇಲ್ಲ, ಕಂಪ್ಯೂಟರ್ ಅದನ್ನು ಕೊನೆಯಿಲ್ಲದ ಚಳಿ ಎಂದು ಓದುತ್ತದೆ.

ಬಾನೆಟ್ ಎತ್ತಿ ಏರ್ ಫಿಲ್ಟರ್ ಪೆಟ್ಟಿಗೆಯ ಹಿಂದೆ ಕೈ ಹಾಕಿದೆ. ಅಡಿಕೆ ಸಿಪ್ಪೆ, ಒಣಹುಲ್ಲು, ಒಂದಿಷ್ಟು ಬಟ್ಟೆಚೂರು. ಇಲಿ ಸಂಸಾರ ಹೂಡಿ ಹೊರಟೂ ಹೋಗಿತ್ತು, ಹೋಗುವಾಗ ಸೆನ್ಸರಿನ ಎರಡು ವೈರುಗಳಲ್ಲಿ ಒಂದನ್ನು ಕಡಿದು ಹೋಗಿತ್ತು. ಬ್ಯಾಟರಿಯ ನೆಗೆಟಿವ್ ಕಳಚಿ, ವೈರ್ ತುದಿ ಸುಲಿದು ಬೆಸುಗೆ ಹಾಕಿ, ಬಿಸಿಗೆ ಕುಗ್ಗುವ ಕೊಳವೆ ತೊಡಿಸಿ ಟೇಪ್ ಸುತ್ತಿದೆ. ಬರೀ ತಿರುಚಿ ಟೇಪ್ ಸುತ್ತಿದರೆ ನಮ್ಮ ಥಂಡಿಗೆ ಒಂದು ಮಳೆಗಾಲ ಬಾಳುವುದಿಲ್ಲ. ಮತ್ತೆ ಕೇಬಲ್ ಚುಚ್ಚಿದಾಗ ಮೈನಸ್ 40 ಇದ್ದದ್ದು 26 ಆಗಿತ್ತು. ಆಗ ಕೋಡ್ ಅಳಿಸಿದೆ. ಅಳಿಸದಿದ್ದರೂ ನಡೆಯುತ್ತಿತ್ತು, ಸತತ ಮೂರು ಓಡಾಟಗಳಲ್ಲಿ ದೋಷ ಕಾಣದಿದ್ದರೆ ದೀಪ ತಾನಾಗಿಯೇ ಆರುತ್ತದೆ.

ಓದುವುದರಿಂದ ಕಾರಿಗೆ ಕೇಡಿಲ್ಲ. ಬರೆಯುವುದು ಬೇರೆ ಮಾತು. ಫೋರ್‌ಸ್ಕ್ಯಾನ್‌ನಂಥವುಗಳಲ್ಲಿ ಕಾರಿನ ಒಳ ಹೊಂದಾಣಿಕೆಗಳನ್ನೇ ಬದಲಿಸುವ ಪುಟಗಳಿವೆ, ನಡುವೆ ಸಂಪರ್ಕ ಕಡಿದರೆ ಆ ಭಾಗದ ಕಂಪ್ಯೂಟರ್ ಮೂಕವಾಗಬಹುದು. ನಕಲಿ ಅಡಾಪ್ಟರ್ ಹಿಡಿದು ಅಲ್ಲಿಗೆ ಹೋಗಬೇಡಿ. ಏರ್‌ಬ್ಯಾಗ್‌ನ ಹಳದಿ ವೈರುಗಳನ್ನಂತೂ ಮುಟ್ಟಲೇಬೇಡಿ. ಓಡುತ್ತಿರುವಾಗಿನ ಅಂಕಿ ಬೇಕಿದ್ದರೆ ಲ್ಯಾಪ್‌ಟಾಪ್ ಪಕ್ಕದವರ ತೊಡೆಯ ಮೇಲಿರಲಿ, ಕೇಬಲ್ ಕ್ಲಚ್ ಪೆಡಲ್‌ಗೆ ಸುತ್ತಿಕೊಳ್ಳದಂತೆ ಬದಿಗೆ ಕಟ್ಟಿ. ಘಾಟಿಯ ತಿರುವಿನಲ್ಲಿ ಬಗ್ಗಿ ಬಿಡಿಸುವ ಪ್ರಸಂಗ ಬರಬಾರದು. ಕೆಲಸ ಮುಗಿದ ಕೂಡಲೇ ಅಡಾಪ್ಟರ್ ಕಿತ್ತಿಡಿ, ಚುಚ್ಚಿಯೇ ಬಿಟ್ಟರೆ ಬ್ಯಾಟರಿಯನ್ನು ಹನಿಹನಿಯಾಗಿ ಹೀರುತ್ತಿರುತ್ತದೆ. ನಾನು ಅದನ್ನು ಬಿಗಿ ಮುಚ್ಚಳದ ಉಪ್ಪಿನಕಾಯಿ ಡಬ್ಬದಲ್ಲಿ ಇಟ್ಟಿದ್ದೇನೆ. ಕೇಬಲ್‌ನ ಮೇಲೂ ಇಲಿಗೆ ಕಣ್ಣಿದೆ.