ಗಟ್ಟಿಯಾದ ಎಣ್ಣೆ, ಕಮಟು ಹಿಡಿದ ಎಣ್ಣೆ

ಡಿಸೆಂಬರ್ ಬಂತು ಅಂದ್ರೆ ಬೆಂಗಳೂರಲ್ಲಿ ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಗಟ್ಟಿಯಾಗುತ್ತದೆ. ಕೆಟ್ಟುಹೋಯಿತು ಅಂತ ಚೆಲ್ಲಬೇಡಿ. ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಹಾಗೇ. ಬಾಟಲಿಯನ್ನು ಬಿಸಿನೀರಲ್ಲಿ ಇಟ್ಟರೆ ಸಾಕು, ಕರಗುತ್ತದೆ. ಇದು ಭೌತಿಕ ಬದಲಾವಣೆ, ರೂಪ ಬದಲಾದರೂ ವಸ್ತು ಅದೇ. ಕಮಟು ವಾಸನೆ ಹಿಡಿದ ಎಣ್ಣೆಯ ಕಥೆಯೇ ಬೇರೆ. ಗಾಳಿ, ಬೆಳಕು ತಾಗಿ ಅದರೊಳಗೆ ಹೊಸ ಪದಾರ್ಥಗಳು ಹುಟ್ಟಿರುತ್ತವೆ. ಕಾಯಿಸಿದರೂ ಸೋಸಿದರೂ ಸರಿಹೋಗಲ್ಲ. ಅದು ರಾಸಾಯನಿಕ. ಒಗ್ಗರಣೆಗಂತೂ ಬೇಡವೇ ಬೇಡ.

ಹಿಂದಕ್ಕೆ ಬಂದರೆ ಭೌತಿಕ, ಬರದಿದ್ದರೆ ರಾಸಾಯನಿಕ ಅಂತ ಮಕ್ಕಳು ಬಾಯಿಪಾಠ ಮಾಡುತ್ತಾರೆ. ಅಡುಗೆಮನೆಯಲ್ಲಿ ಇದನ್ನು ಜಾಸ್ತಿ ನಂಬಬೇಡಿ. ತುರಿದ ಕಾಯಿ ಮತ್ತೆ ಹೋಳಾಗುತ್ತದಾ? ಆಗಲ್ಲ. ಆದರೂ ತುರಿಯುವುದು ಭೌತಿಕವೇ. ಇನ್ನು ಆರತಿ ನೀರು ನೋಡಿ. ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿದರೆ ಕೆಂಪಾಗುತ್ತದೆ. ಅರಿಶಿನದ ಬಣ್ಣದ ಅಂಶವೇ ಬದಲಾಗಿರುತ್ತದೆ, ಹಾಗಾಗಿ ರಾಸಾಯನಿಕ. ಅದಕ್ಕೇ ಸಾಕಷ್ಟು ನಿಂಬೆರಸ ಹಿಂಡಿ, ಮತ್ತೆ ಹಳದಿ! ಸಾರು ಚೆಲ್ಲಿದ ಬಿಳಿ ಅಂಗಿಗೆ ಸೋಪು ಹಚ್ಚಿದಾಗ ಕಲೆ ಕೆಂಪಾಗುವುದೂ ಇದಕ್ಕೇ. ಗಾಬರಿ ಬೇಡ. ಚೆನ್ನಾಗಿ ಜಾಲಿಸಿ ಬಿಸಿಲಿಗೆ ಹರವಿ. ಬಿಸಿಲಿಗೆ ಅರಿಶಿನದ ಬಣ್ಣ ತಡೆಯಲ್ಲ, ಮಾಸಿಹೋಗುತ್ತದೆ.

ನೋಡಬೇಕಾದ್ದು ಹೊಸ ವಸ್ತು ಹುಟ್ಟಿತಾ ಅಂತ. ವಾಸನೆ ಬೇರೆಯಾಯಿತಾ, ಬಣ್ಣ ತಿರುಗಿತಾ, ಒಲೆ ಮೇಲಿಡದೆಯೇ ಗುಳ್ಳೆ ಎದ್ದಿತಾ? ದೋಸೆ ಹಿಟ್ಟು ಉಬ್ಬುವುದು, ಹಾಲು ಮೊಸರಾಗುವುದು ಹೀಗೇ. ಬೆಣ್ಣೆ ಕಾಯಿಸುವಾಗ ಎರಡೂ ಒಂದೇ ಪಾತ್ರೆಯಲ್ಲಿ ಸಿಗುತ್ತವೆ. ಬೆಣ್ಣೆ ಕರಗುವುದು, ಚಟಪಟ ಅಂತ ನೀರು ಆರುವುದು ಭೌತಿಕ. ಸದ್ದು ಇಳಿದು, ತಳದ ಗಸಿ ಕೆಂಪಗಾಗಿ ಘಮ್ಮಂತ ಬಂತಲ್ಲ, ಅದು ರಾಸಾಯನಿಕ. ಒಲೆ ಆರಿಸುವ ಹೊತ್ತೂ ಅದೇ. ಸೀದುಹೋದರೆ ಆ ತುಪ್ಪಕ್ಕೆ ಮದ್ದಿಲ್ಲ.

ಹಿತ್ತಾಳೆ ದೀಪಕ್ಕೆ ಬರೀ ಎಣ್ಣೆ ಜಿಡ್ಡು ಮೆತ್ತಿದ್ದರೆ ಬಿಸಿನೀರು, ಸೀಗೆಪುಡಿ ಸಾಕು. ಕಿಲುಬು ಹಾಗಲ್ಲ. ಗಾಳಿ, ತೇವ ಸೇರಿ ಲೋಹದ ಮೇಲ್ಪದರವೇ ಬೇರೆ ವಸ್ತುವಾಗಿರುತ್ತದೆ. ಸುಮ್ನೆ ಉಜ್ಜಿ ಕೈ ನೋಯಿಸಿಕೊಳ್ಳಬೇಡಿ. ಹುಣಸೆಹಣ್ಣು, ಉಪ್ಪು ಹಚ್ಚಿ ಸ್ವಲ್ಪ ಹೊತ್ತು ಬಿಡಿ, ಹುಳಿ ಅದನ್ನು ಕರಗಿಸುತ್ತದೆ.

ಬಚ್ಚಲು ತೊಳೆಯುವಾಗ ಮಾತ್ರ ಹುಷಾರು. ಬ್ಲೀಚಿಂಗ್ ಪೌಡರ್ ಜೊತೆ ಆಸಿಡ್ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಉಸಿರು ಕಟ್ಟಿಸುತ್ತದೆ. ಒಂದನ್ನು ಹಾಕಿದ ದಿನ ಇನ್ನೊಂದರ ಬಾಟಲಿ ಮುಟ್ಟಲೇಬೇಡಿ.