ಸರ್ಟಿಫಿಕೇಟ್ ಬೇಡ, ಕೆಲಸ ಕಲಿಯಿರಿ: ಸಂಶೋಧನಾರ್ಥಿಗಳೇ ಕಟ್ಟಿಕೊಳ್ಳುವ ತರಬೇತಿ

ದೀಪ ಬೆಳಗಿ, ಸ್ವಾಗತ ಭಾಷಣ ಮುಗಿದು, ಮುಖ್ಯ ಅತಿಥಿಗಳಿಗೆ ಹಾರ-ಶಾಲು ಆಗುವಷ್ಟರಲ್ಲಿ ಹನ್ನೊಂದೂವರೆ. ಆಮೇಲೆ ಒಬ್ಬರು ಸ್ಲೈಡ್ ಓದುತ್ತಾರೆ, ಉಳಿದವರು ಮೊಬೈಲ್ ಓದುತ್ತಾರೆ. ಸಂಜೆ ಸರ್ಟಿಫಿಕೇಟು. ಪಿಎಚ್‌.ಡಿ.ಗೆ ಹೊಸದಾಗಿ ಸೇರಿದವರು ನೋಡುವ ‘ಕೌಶಲ ಕಾರ್ಯಾಗಾರ’ ಬಹುಮಟ್ಟಿಗೆ ಇಷ್ಟೇ. ಮಾರನೇ ದಿನ ಗೈಡ್‌ಗೆ ಇಮೇಲ್ ಬರೆಯಲು ಕೂತರೆ ಎರಡನೇ ಸಾಲಿಗೇ ಕೈ ನಿಲ್ಲುತ್ತದೆ.

ನಿಯಮದಲ್ಲಿ ತರಬೇತಿಗೆ ಜಾಗ ಇಲ್ಲ ಅಂತಲ್ಲ. ಸಂಶೋಧನೆ ಮತ್ತು ಪ್ರಕಟಣೆಯ ನೀತಿ ಕುರಿತ ಎರಡು ಕ್ರೆಡಿಟ್‌ಗಳ ಕೋರ್ಸ್ ಕಡ್ಡಾಯ. ವಿಷಯ ಯಾವುದೇ ಇರಲಿ, ಬೋಧನೆ ಮತ್ತು ಬರವಣಿಗೆಯಲ್ಲಿ ತರಬೇತಿ ಕೊಡಬೇಕೆಂದು ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ಪಿಎಚ್‌.ಡಿ. ನಿಯಮಾವಳಿಯೂ ಹೇಳುತ್ತದೆ. ಆದರೆ ಕೋರ್ಸ್‌ವರ್ಕ್ ಪರೀಕ್ಷೆ ಪಾಸಾಗುವುದೇ ಬೇರೆ, ಕೈಗೆ ಕೆಲಸ ಹತ್ತುವುದೇ ಬೇರೆ. ದಾವಣಗೆರೆ ವಿಶ್ವವಿದ್ಯಾಲಯದ ಆವರಣಗಳಾದ ತೋಳಹುಣಸೆಯ ಶಿವಗಂಗೋತ್ರಿಯಲ್ಲಿರಲಿ, ಚಿತ್ರದುರ್ಗದ ಜ್ಞಾನಗಂಗೋತ್ರಿಯಲ್ಲಿರಲಿ, ಆರೇಳು ಮಂದಿ ಸೇರಿದರೆ ಒಂದು ಸೆಮಿಸ್ಟರ್‌ನಲ್ಲಿ ಇದನ್ನು ತಾವೇ ಕಲಿಯಬಹುದು. ಒಂದೇ ಷರತ್ತು: ಪ್ರತಿ ಸಲ ತಮ್ಮದೇ ಕೆಲಸದ ಒಂದು ತುಂಡು ಕೈಯಲ್ಲಿ ಹಿಡಿದು ಬರಬೇಕು. ಬರಿಗೈಲಿ ಬಂದವರಿಗೆ ಮಂಡಕ್ಕಿ-ಮೆಣಸಿನಕಾಯಿ ಮಾತ್ರ.

ಹೆಜ್ಜೆ 1: ಗುಂಪು

ಒಬ್ಬರೇ ಗೈಡ್‌ನ ವಿದ್ಯಾರ್ಥಿಗಳು ಸೇರಿದರೆ ಮಾತು ಗೈಡ್ ಸುತ್ತಲೇ ಗಿರಕಿ ಹೊಡೆಯುತ್ತದೆ. ಅರ್ಥಶಾಸ್ತ್ರ, ರಸಾಯನಶಾಸ್ತ್ರ, ಕನ್ನಡ ಎಲ್ಲ ಬೆರೆಯಲಿ. ಥೀಸಿಸ್ ಸಲ್ಲಿಸುವ ಹಂತದಲ್ಲಿರುವ ಸೀನಿಯರ್ ಒಬ್ಬರು ಇರಲೇಬೇಕು. ಯಾವ ಕಚೇರಿಯಲ್ಲಿ ಯಾವ ಫಾರ್ಮ್ ಕೊಡಬೇಕು ಅನ್ನುವುದು ಅವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ. ಹೊಸದುರ್ಗ, ಹರಿಹರದ ಕಾಲೇಜುಗಳಲ್ಲಿ ಪಾಠ ಮಾಡುತ್ತಾ ಪಾರ್ಟ್ ಟೈಮ್ ಓದುವವರಿಗೆ ಶನಿವಾರ ಮಧ್ಯಾಹ್ನ ಅನುಕೂಲ.

ಹೆಜ್ಜೆ 2: ಮೂರು ನಿಮಿಷದಲ್ಲಿ ಹೇಳುವುದು

ಹೆಚ್ಚು ಹೊತ್ತು ಕೊಡಬೇಕಾದ್ದು ಇದಕ್ಕೇ. ಮೂರು ನಿಮಿಷ, ಒಂದೇ ಸ್ಲೈಡ್‌ನಲ್ಲಿ ಇಡೀ ಪ್ರಬಂಧ ಹೇಳುವ ಸ್ಪರ್ಧೆ 2008ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಶುರುವಾಯಿತು, ಈಗ ಹಲವು ದೇಶಗಳಲ್ಲಿ ನಡೆಯುತ್ತದೆ. ನಮಗೆ ಸ್ಪರ್ಧೆ ಬೇಡ, ಮೊಬೈಲ್‌ನಲ್ಲಿ ಟೈಮರ್ ಇಟ್ಟರೆ ಸಾಕು.

ಒಬ್ಬಾಕೆ ಎದ್ದು, ‘ನನ್ನ ಪ್ರಬಂಧದ ಶೀರ್ಷಿಕೆ, ದಾವಣಗೆರೆ ಜಿಲ್ಲೆಯ ಮೆಕ್ಕೆಜೋಳ ಬೆಳೆಗಾರರ ಆರ್ಥಿಕ ಸ್ಥಿತಿಗತಿ: ಒಂದು ಅಧ್ಯಯನ’ ಎಂದು ಶುರು ಮಾಡುತ್ತಾಳೆ ಅಂತಿಟ್ಟುಕೊಳ್ಳಿ. ಪೀಠಿಕೆಯಲ್ಲೇ ಎರಡು ನಿಮಿಷ ಹೋಯಿತು. ಕೂತವರು ಕೇಳಬೇಕಾದ ಪ್ರಶ್ನೆ ಒಂದೇ: ‘ನೀನು ಹುಡುಕ್ತಿರೋದು ಏನಮ್ಮ?’ ನಾಲ್ಕು ಸಲ ತಿದ್ದಿದ ಮೇಲೆ ಅದು ಹೀಗಾಗಬಹುದು: ‘ಮೆಕ್ಕೆಜೋಳ ಕಟಾವಾದ ವಾರವೇ ಮಾರುವ ರೈತ, ಎರಡು ತಿಂಗಳು ತಡೆದು ಮಾರುವ ರೈತ. ಇಬ್ಬರಲ್ಲಿ ಯಾರ ಕೈಯಲ್ಲಿ ಹೆಚ್ಚು ದುಡ್ಡು ಉಳಿಯುತ್ತದೆ? ಜಗಳೂರು ತಾಲ್ಲೂಕಿನಲ್ಲಿ ಅದನ್ನೇ ಲೆಕ್ಕ ಹಾಕುತ್ತಿದ್ದೇನೆ.’ ಆಗ ರಸಾಯನಶಾಸ್ತ್ರದ ಹುಡುಗ, ‘ತಡೆದು ಇಡೋಕೆ ಜಾಗ ಯಾರಿಗಿದೆ? ಸಾಲ ಕೊಟ್ಟವನು ಬಿಡ್ತಾನಾ?’ ಅನ್ನುತ್ತಾನೆ. ಆಕೆಯ ಪ್ರಶ್ನಾವಳಿಯಲ್ಲಿ ಬಿಟ್ಟುಹೋಗಿದ್ದ ಎರಡು ಪ್ರಶ್ನೆಗಳು ಅಲ್ಲೇ ಸಿಕ್ಕವು. ಬೇರೆ ವಿಭಾಗದವರು ಬೇಕು ಅನ್ನುವುದು ಇದಕ್ಕೇ.

ಮೊದಲು ಕನ್ನಡದಲ್ಲಿ ಹೇಳಿ, ಆಮೇಲೆ ಇಂಗ್ಲಿಷಿನಲ್ಲಿ. ಇಂಗ್ಲಿಷಿನಲ್ಲಿ ತಡವರಿಸುವುದು ಎಷ್ಟೋ ಸಲ ಭಾಷೆ ಬಾರದ್ದಕ್ಕಲ್ಲ, ಹೇಳಬೇಕಾದ್ದು ಇನ್ನೂ ತಲೆಯಲ್ಲಿ ಕೂಡಿಬಾರದ್ದಕ್ಕೆ.

ಹೆಜ್ಜೆ 3: ಕಡತ, ಪೆನ್‌ಡ್ರೈವ್, ಫಾಂಟ್

ಎಲ್ಲರೂ ಲ್ಯಾಪ್‌ಟಾಪ್ ತೆರೆದು ಥೀಸಿಸ್ ಫೋಲ್ಡರ್ ತೋರಿಸಲಿ. ‘ಫೈನಲ್’, ‘ಫೈನಲ್ ನ್ಯೂ’, ‘ಫೈನಲ್ ಸರ್ ಕರೆಕ್ಷನ್’ ಎಂಬ ಹೆಸರುಗಳು ಕಂಡರೆ ಅಂದೇ ಬದಲಿಸಿ. ವರ್ಷ, ತಿಂಗಳು, ದಿನ ಮೊದಲು, ಊರು ಅಥವಾ ಅಧ್ಯಾಯ ಆಮೇಲೆ. ಹಾಗಿಟ್ಟರೆ ಫೈಲುಗಳು ತಾವಾಗೇ ಸಾಲಾಗಿ ನಿಲ್ಲುತ್ತವೆ. ಪ್ರತಿ ಫೈಲಿಗೂ ಮೂರು ಪ್ರತಿ, ಒಂದು ಬೇರೆ ಕಡೆ. ಜೆರಾಕ್ಸ್ ಅಂಗಡಿಯ ಕಂಪ್ಯೂಟರಿಗೆ ಚುಚ್ಚುವ ಪೆನ್‌ಡ್ರೈವ್‌ನಲ್ಲಿ ಮೂಲ ಪ್ರತಿ ಇರಕೂಡದು. ಅಲ್ಲಿಂದ ವೈರಸ್ ತಂದುಕೊಂಡವರು ಎಲ್ಲ ವಿಭಾಗದಲ್ಲೂ ಸಿಗುತ್ತಾರೆ.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ಮಾತು. ಟೈಪಿಂಗ್ ಸೆಂಟರುಗಳಲ್ಲಿ ಈಗಲೂ ಹಳೆಯ ನುಡಿ ಫಾಂಟಿನಲ್ಲಿ ಬೆರಳಚ್ಚು ಮಾಡಿಕೊಡುವವರಿದ್ದಾರೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ನಿಮ್ಮ ಅಧ್ಯಾಯ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ದೇಶದ ಥೀಸಿಸ್‌ಗಳನ್ನೆಲ್ಲ ಆನ್‌ಲೈನಿನಲ್ಲಿ ಇಡುವ ಶೋಧಗಂಗಾದಲ್ಲಿ ಏರಿಸಿದ ಮೇಲೆ ಯಾರಾದರೂ ಕನ್ನಡದಲ್ಲಿ ಹುಡುಕಿದರೂ ಒಳಗಿನ ಪದ ಸಿಗುವುದಿಲ್ಲ. ಮೊದಲ ಪುಟದಿಂದಲೇ ಯಾವ ಕಂಪ್ಯೂಟರಿನಲ್ಲೂ ಕನ್ನಡವಾಗೇ ಕಾಣುವ ಯೂನಿಕೋಡ್. ಟೈಪ್ ಮಾಡಿಸುವುದಿದ್ದರೂ ಕರಾರು ಇದೇ.

ಹೆಜ್ಜೆ 4: ಗೈಡ್ ಜತೆ ವ್ಯವಹಾರ

‘ಎರಡನೇ ಅಧ್ಯಾಯ ಕಳಿಸಿದ್ದೇನೆ, ಬಿಡುವಾದಾಗ ನೋಡಿ ಸರ್.’ ವಿನಯವೇನೋ ಸರಿ, ಆದರೆ ಬಿಡುವು ಯಾವತ್ತೂ ಆಗುವುದಿಲ್ಲ. ಬದಲಿಗೆ: ‘ಎರಡನೇ ಅಧ್ಯಾಯ, 18 ಪುಟ. 7ರಿಂದ 11ನೇ ಪುಟದ ವಾದ ನಿಲ್ಲುತ್ತದೆಯೇ ಎಂಬ ಅನುಮಾನವಿದೆ. 20ನೇ ತಾರೀಖಿನೊಳಗೆ ಹತ್ತು ನಿಮಿಷ ಸಮಯ ಕೊಡುತ್ತೀರಾ ಸರ್?’ ಏನು ನೋಡಬೇಕು, ಯಾವಾಗ ಎರಡೂ ಇದೆ, ಗೌರವಕ್ಕೂ ಕುಂದಿಲ್ಲ. ಭೇಟಿಯಾದ ದಿನವೇ ‘ನೀವು ಹೇಳಿದ್ದು ಇಷ್ಟು’ ಎಂದು ನಾಲ್ಕು ಸಾಲು ವಾಪಸ್ ಬರೆಯಿರಿ. ಆರು ತಿಂಗಳ ಮೇಲೆ ‘ನಾನು ಹಾಗೆ ಹೇಳೇ ಇಲ್ವಲ್ಲ’ ಎಂಬ ಮಾತು ಬಂದರೆ ತೋರಿಸಲು ಏನಾದರೂ ಇರುತ್ತದೆ. ಒಂದು ಶನಿವಾರ ಎಲ್ಲರೂ ತಮ್ಮ ಒಂದೊಂದು ಮೇಲ್ ತಂದು ತಿದ್ದಿಕೊಳ್ಳಲಿ.

ಹೆಜ್ಜೆ 5: ನಕಲಿನ ಲೆಕ್ಕ, ಜರ್ನಲ್ ಆಯ್ಕೆ

ಯುಜಿಸಿಯ 2018ರ ನಿಯಮದಂತೆ ನಿಮ್ಮ ಬರಹಕ್ಕೂ ಬೇರೆಯವರ ಬರಹಕ್ಕೂ ಹೋಲಿಕೆ ಶೇ 10ರವರೆಗೆ ಇದ್ದರೆ ದಂಡವಿಲ್ಲ. 40ರವರೆಗೆ ಹೋದರೆ ಆರು ತಿಂಗಳೊಳಗೆ ತಿದ್ದಿ ಸಲ್ಲಿಸಬೇಕು, 60ರವರೆಗೆ ಹೋದರೆ ಒಂದು ವರ್ಷ ಸಲ್ಲಿಸುವಂತಿಲ್ಲ, ಅದನ್ನೂ ದಾಟಿದರೆ ನೋಂದಣಿಯೇ ರದ್ದು. ಇದನ್ನು ಕೇಳಿ ಪದಗಳನ್ನಷ್ಟೇ ಅದಲುಬದಲು ಮಾಡುವ ಚಾಳಿ ಬೆಳೆದಿದೆ. ಅದೂ ಕಳ್ಳತನವೇ, ಸಾಫ್ಟ್‌ವೇರಿಗೆ ಸಿಗದೇ ಇರಬಹುದು ಅಷ್ಟೇ. ಅಭ್ಯಾಸ ಹೀಗೆ ಮಾಡಿ: ಒಂದು ಲೇಖನ ಓದಿ, ಮುಚ್ಚಿಟ್ಟು, ಪಕ್ಕದವರಿಗೆ ಬಾಯಲ್ಲಿ ಹೇಳಿ, ಹೇಳಿದ್ದನ್ನೇ ಬರೆದು, ಮೂಲ ನಮೂದಿಸಿ. ಉಲ್ಲೇಖಗಳಿಗೆ ಜೊಟೆರೊ ಎಂಬ ಉಚಿತ ತಂತ್ರಾಂಶವಿದೆ, ಒಂದು ಮಧ್ಯಾಹ್ನದ ಕಲಿಕೆ.

ಜರ್ನಲ್ ವಿಚಾರ ಈಗ ಮೊದಲಿನಂತಿಲ್ಲ. 2022ರ ನಿಯಮಾವಳಿ ಥೀಸಿಸ್‌ಗೆ ಮುಂಚೆ ಪ್ರಕಟಣೆ ಕಡ್ಡಾಯ ಎಂಬುದನ್ನು ಕೈಬಿಟ್ಟಿದೆ. ನಿಮ್ಮ ವಿಶ್ವವಿದ್ಯಾಲಯ ಏನು ಕೇಳುತ್ತದೆ ಎಂಬುದನ್ನು ಮಾತ್ರ ಬರಹದಲ್ಲಿ ನೋಡಿಕೊಳ್ಳಿ. ಒಪ್ಪಿತ ಜರ್ನಲ್‌ಗಳ ಯುಜಿಸಿ-ಕೇರ್ ಪಟ್ಟಿಯನ್ನೂ 2025ರಲ್ಲಿ ನಿಲ್ಲಿಸಲಾಯಿತು. ಹಾಗಾಗಿ ಒಳ್ಳೆಯದು ಯಾವುದು, ಸುಳ್ಳು ಯಾವುದು ಎಂದು ಆರಿಸುವ ಹೊಣೆ ನಿಮ್ಮ ತಲೆಗೇ ಬಂದಿದೆ. ವಾಟ್ಸ್‌ಆ್ಯಪ್‌ನಲ್ಲಿ ‘ಮೂರು ದಿನದಲ್ಲಿ ಪ್ರಕಟಣೆ’ ಎಂದು ಬಂದದ್ದನ್ನು ಗುಂಪಿನ ಮುಂದೆ ತೆರೆಯಿರಿ. ಸಂಪಾದಕರ ಪಟ್ಟಿಯಲ್ಲಿರುವವರ ಹೆಸರನ್ನು ಅವರವರ ವಿಶ್ವವಿದ್ಯಾಲಯದ ಪುಟದಲ್ಲಿ ಹುಡುಕಿ, ಹಳೆಯ ಸಂಚಿಕೆಯ ಒಂದು ಲೇಖನ ಪೂರ್ತಿ ಓದಿ. ಹತ್ತು ನಿಮಿಷದಲ್ಲಿ ಬಣ್ಣ ಬಯಲಾಗುತ್ತದೆ.

ಹೆಜ್ಜೆ 6: ಅಣಕು ಆರ್‌ಎಸಿ

ಸೆಮಿಸ್ಟರ್‌ಗೊಮ್ಮೆ ಸಂಶೋಧನಾ ಸಲಹಾ ಸಮಿತಿಯ (ಆರ್‌ಎಸಿ) ಮುಂದೆ ನಿಲ್ಲಲೇಬೇಕು. ಅದಕ್ಕೆ ಎರಡು ವಾರ ಮೊದಲು ಗುಂಪಿನಲ್ಲೇ ಒಂದು ಸುತ್ತು ನಡೆಯಲಿ. ಸಮಿತಿಯವರಾಗಿ ಕೂತವರು ದಾಕ್ಷಿಣ್ಯ ಬಿಟ್ಟು ಕೇಳಬೇಕು: ಮಾದರಿ (ಸ್ಯಾಂಪಲ್) ಇಷ್ಟೇ ಯಾಕೆ? ಈ ಊರೇ ಯಾಕೆ? ‘ಗೊತ್ತಿಲ್ಲ ಸರ್, ನೋಡಿ ಹೇಳ್ತೀನಿ’ ಎಂದು ತಡವರಿಸದೆ ಹೇಳುವುದನ್ನೂ ಇಲ್ಲೇ ರೂಢಿ ಮಾಡಿಕೊಳ್ಳಿ.

ಪರೀಕ್ಷೆ, ಮೌಲ್ಯಮಾಪನದ ವಾರಗಳಲ್ಲಿ ಪಾರ್ಟ್ ಟೈಮ್‌ನವರು ಬರಲಾರರು, ಆ ಶನಿವಾರಗಳನ್ನು ಮೊದಲೇ ಕ್ಯಾಲೆಂಡರಿನಲ್ಲಿ ಹೊಡೆದುಹಾಕಿ. ಕೊಠಡಿಗೆ ವಿಭಾಗದ ಮುಖ್ಯಸ್ಥರಿಗೆ ಒಂದು ಪತ್ರ ಕೊಟ್ಟರೆ ಸಾಕು. ಉದ್ಘಾಟನೆ ಇಟ್ಟುಕೊಳ್ಳೋಣ ಎಂದು ಯಾರಾದರೂ ಅಂದರೆ, ಮುಂದಿನ ಸೆಮಿಸ್ಟರ್‌ಗೆ ಎಂದುಬಿಡಿ.